ಪೈಲಟ್ ನಿದ್ದೆಗೆ ರೂಲ್ಸ್ ಇದೆ, ಓಟಿ ಸಿಸ್ಟರ್ ನಿದ್ದೆಗೆ ಯಾಕಿಲ್ಲ?

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಫ್ಲೈಟ್‌ಗಳು ಸಾಲುಸಾಲಾಗಿ ಕ್ಯಾನ್ಸಲ್ ಆದ್ವಲ್ಲ, 5ನೇ ತಾರೀಕು ಒಂದೇ ದಿನ ಸಾವಿರಕ್ಕೂ ಜಾಸ್ತಿ, ಆಗ "ಪೈಲಟ್‌ಗಳಿಗೆ ರೆಸ್ಟ್ ಜಾಸ್ತಿ ಕೊಟ್ರು, ಅದಕ್ಕೇ ಹಿಂಗಾಯ್ತು" ಅನ್ನೋ ಮಾತು ವಾಟ್ಸಾಪ್ ಗ್ರೂಪ್‌ಗಳಲ್ಲಿ ಜೋರಾಗಿ ಓಡಾಡ್ತು. ವಿಷಯ ಅಷ್ಟು ಸಲೀಸಾಗಿಲ್ಲ. ಇದರ ಬೇರು ಹಿಂದಕ್ಕೆ ಹೋಗತ್ತೆ, ಮತ್ತೆ ಅದರ ಒಂದು ಕವಲು ನೇರವಾಗಿ ಆಪರೇಷನ್ ಥಿಯೇಟರ್ (ಓಟಿ) ಒಳಗೂ ಹೋಗಿದೆ.

1977ರ ಮಾರ್ಚ್ 27ರಿಂದ ಶುರು ಮಾಡೋಣ. ಕ್ಯಾನರಿ ದ್ವೀಪಗಳ ಟೆನೆರೀಫ್‌ನಲ್ಲಿ ಮಂಜು ಕವಿದಿದ್ದ ರನ್‌ವೇ ಮೇಲೆ ಎರಡು ಜಂಬೋ ಜೆಟ್ ಡಿಕ್ಕಿ ಹೊಡೆದು 583 ಜನ ಸತ್ರು. ಟೇಕ್ ಆಫ್‌ಗೆ ನುಗ್ಗಿದ ಡಚ್ ವಿಮಾನದ ಸಿಬ್ಬಂದಿಗೆ ಡ್ಯೂಟಿ ಟೈಮ್ ಮುಗೀತಾ ಬಂದಿತ್ತು, ಅವರ ದೇಶದಲ್ಲಿ ಆ ರೂಲ್ಸ್ ಆಗಷ್ಟೇ ಬಿಗಿ ಆಗಿತ್ತು, ತಲೆಯಲ್ಲಿ ಅದೇ ಅವಸರ. ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್ ಇನ್ನೊಂದು ವಿಮಾನ ರನ್‌ವೇಯಲ್ಲೇ ಇರಬಹುದಾ ಅಂತ ಅನುಮಾನದಲ್ಲಿ ಕೇಳಿದ್ರೂ ಹಿರಿಯ ಕ್ಯಾಪ್ಟನ್ ಅದನ್ನ ಕಿವಿಗೆ ಹಾಕ್ಕೊಳ್ಳಲಿಲ್ಲ. ಇಲ್ಲಿಂದ ವಿಮಾನದವರು ಎರಡು ಪಾಠ ಕಲಿತ್ರು: ಕೆಲಸದ ಗಂಟೆಗೆ ಮಿತಿ ಹಾಕಿದ್ರೆ ಸಾಲದು, ಅದನ್ನ ಕೊನೇ ನಿಮಿಷದವರೆಗೂ ಹಿಂಡಬಾರದು, ಮತ್ತೆ ಕಿರಿಯರು ಬಾಯಿ ಬಿಡೋ ಹಾಗೆ ಟ್ರೈನಿಂಗ್ ಇರಬೇಕು. 1979ರಲ್ಲಿ ನಾಸಾ ಈ ಬಗ್ಗೆ ವರ್ಕ್‌ಶಾಪ್ ಮಾಡ್ತು, ಆಮೇಲೆ ಏರ್‌ಲೈನ್‌ಗಳು ಒಂದೊಂದಾಗಿ ಆ ಟ್ರೈನಿಂಗ್ ಶುರು ಮಾಡಿದ್ವು.

ಆಸ್ಪತ್ರೆಗಳು ಎರಡನೇ ಪಾಠವನ್ನ ಎತ್ಕೊಂಡ್ವು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸರ್ಜರಿಗೆ ಅಂತ ಒಂದು ಚೆಕ್‌ಲಿಸ್ಟ್ ತಂತು, ಪೈಲಟ್‌ಗಳು ಟೇಕ್ ಆಫ್ ಮೊದಲು ಓದ್ತಾರಲ್ಲ ಅದೇ ಥರದ್ದು. ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಟ್ರೈ ಮಾಡಿದಾಗ ಸಾವಿನ ಪ್ರಮಾಣ 1.5% ಇದ್ದದ್ದು 0.8%ಗೆ ಇಳೀತು. ಈಗ ನಮ್ಮ ಊರಿನ ಮಧ್ಯಮ ಗಾತ್ರದ ನರ್ಸಿಂಗ್ ಹೋಮ್‌ನಲ್ಲೂ ಆ ಫಾರ್ಮ್ ಕೇಸ್ ಶೀಟ್ ಜೊತೆ ಪಿನ್ ಆಗಿರತ್ತೆ. ಪ್ರಿಂಟ್ ಹಾಕ್ಸೋದಕ್ಕೆ ಖರ್ಚೇನು ಮಹಾ. ಮೊದಲನೇ ಪಾಠಕ್ಕೆ ಮಾತ್ರ ಜನ ಬೇಕು, ಸಂಬಳ ಬೇಕು, ಅದು ಹಾಗೇ ಉಳೀತು.

ವಿಮಾನದವರಾದ್ರೂ ಅದನ್ನ ಪೂರ್ತಿ ಪಾಲಿಸಿದ್ರಾ ಅಂದ್ರೆ, ಇಲ್ಲೇ ಕಥೆ ಗೋಜಲಾಗೋದು. ಪೈಲಟ್ ಡ್ಯೂಟಿ, ರೆಸ್ಟ್ ಬಗ್ಗೆ ನಮ್ಮಲ್ಲಿ 1992ರ ನಿಯಮ ಇತ್ತು. 2007ರಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಇನ್ನೂ ಬಿಗಿಯಾದ ನಿಯಮ ತಂತು, ಏರ್‌ಲೈನ್‌ಗಳು ಆಗಲ್ಲ ಅಂದ್ವು, 2008ರಲ್ಲಿ ಅದನ್ನ ತಡೆಹಿಡಿದು ವಾಪಸ್ 1992ಕ್ಕೆ ಹೋದ್ರು, ಪೈಲಟ್‌ಗಳು ಕೋರ್ಟಿಗೆ ಹೋದ್ರು, ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2011ರಲ್ಲಿ ಅವರ ಮೇಲ್ಮನವಿ ವಜಾ ಆಯ್ತು, ಅದೇ ವರ್ಷ ಡಿಜಿಸಿಎ ಬೇರೆ ನಿಯಮ ತಂತು.

ಈ ಎಳೆದಾಟದ ನಡುವೆ 2010ರ ಮೇ 22ರ ಬೆಳಗಿನ ಜಾವ ಮಂಗಳೂರು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್ ಟಾಪ್ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8. ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲಿ ಕ್ಯಾಪ್ಟನ್ ಗೊರಕೆ ಕೇಳಿಸ್ತಿತ್ತು, ಇಳಿಯೋ ಹೊತ್ತಲ್ಲಿ ಕೋ ಪೈಲಟ್ ಮೂರು ಸಲ "ಗೋ ಅರೌಂಡ್" (ಇಳಿಸ್ಬೇಡಿ, ಮತ್ತೆ ಮೇಲೇರಿಸಿ) ಅಂದಿದ್ರು. ತನಿಖಾ ವರದಿಯಲ್ಲಿ ನಂಗೆ ಮುಖ್ಯ ಅನ್ಸೋ ಅಂಶ ಅಂದ್ರೆ, ಕ್ಯಾಪ್ಟನ್‌ಗೆ ಹಾರೋ ಮೊದಲು ಸಾಕಷ್ಟು ರೆಸ್ಟ್ ಸಿಕ್ಕಿತ್ತು ಅಂತಾನೇ ಅದು ಹೇಳತ್ತೆ. ರೋಸ್ಟರ್ ಲೆಕ್ಕ ಸರಿಯಾಗೇ ಇತ್ತು. ಆದ್ರೂ ದೀರ್ಘ ನಿದ್ದೆಯಿಂದ ಎದ್ದ ಮಂಪರಲ್ಲಿ ತಪ್ಪು ಅಂದಾಜು ಆಗಿರಬಹುದು ಅಂತ ವರದಿ ಹೇಳ್ತು. ಅಂದ್ರೆ ಎಷ್ಟು ಗಂಟೆ ರೆಸ್ಟ್ ಅನ್ನೋದರ ಜೊತೆ ರಾತ್ರಿಯ ಯಾವ ಹೊತ್ತಲ್ಲಿ ಕೆಲಸ ಅನ್ನೋದನ್ನೂ ನೋಡ್ಲೇಬೇಕು.

2024ರ ಜನವರಿಯ ಹೊಸ ನಿಯಮ ಮುಟ್ಟಿದ್ದು ಅದನ್ನೇ. "ರಾತ್ರಿ" ಅನ್ನೋದು ಬೆಳಗ್ಗೆ 5ರ ಬದಲು 6ರವರೆಗೆ, ರಾತ್ರಿ ಲ್ಯಾಂಡಿಂಗ್ 6 ಇದ್ದದ್ದು 2, ವಾರದ ರೆಸ್ಟ್ 36 ಗಂಟೆ ಇದ್ದದ್ದು 48. 2024ರ ಜೂನ್‌ಗೆ ಜಾರಿ ಆಗಬೇಕಿತ್ತು, ಮುಂದಕ್ಕೆ ಹೋಯ್ತು, ಕೊನೆಗೆ ದೆಹಲಿ ಹೈಕೋರ್ಟ್‌ನಲ್ಲಿ ಒಪ್ಕೊಂಡ ಹಾಗೆ 2025ರ ಜುಲೈ 1 ಮತ್ತು ನವೆಂಬರ್ 1 ಅಂತ ಎರಡು ಹಂತದಲ್ಲಿ ಬಂತು. ತಯಾರಾಗೋದಕ್ಕೆ ಹೆಚ್ಚುಕಮ್ಮಿ ಎರಡು ವರ್ಷ ಇತ್ತು, ಅದನ್ನ ಜ್ಞಾಪಕ ಇಟ್ಕೊಂಡು ಡಿಸೆಂಬರ್ ಸುದ್ದಿಗಳನ್ನ ಇನ್ನೊಮ್ಮೆ ಓದಿ.

ಈಗ ಓಟಿ ಕಡೆ. ಹೊಟ್ಟೆ ಮುಚ್ಚೋ ಮೊದಲು ಸರ್ಜನ್ ಕೈಗೆ ಸಾಮಾನು ಕೊಡೋ ಸ್ಕ್ರಬ್ ಸಿಸ್ಟರ್ ಮತ್ತೆ ಹೊರಗಿಂದ ಬೇಕಾದ್ದು ತಂದುಕೊಡೋ ಫ್ಲೋರ್ ಸಿಸ್ಟರ್ ಇಬ್ರೂ ಜೋರಾಗಿ ಮಾಪ್ (ರಕ್ತ ಹೀರೋ ದೊಡ್ಡ ಬಟ್ಟೆ), ಗಾಜ್, ನೀಡಲ್ ಎಣಿಸ್ತಾರೆ, ಬೋರ್ಡ್ ಮೇಲೆ ಬರ್ದಿದ್ದಕ್ಕೆ ತಾಳೆ ನೋಡ್ತಾರೆ. ರಾತ್ರಿ ಮೂರು ಗಂಟೆಗೆ, ಎರಡನೇ ಎಮರ್ಜೆನ್ಸಿ ಸಿಸೇರಿಯನ್ ಆದ್ಮೇಲೆ, ಬೋರ್ಡ್‌ನಲ್ಲಿ 10 ಇದ್ದು ಕೈಗೆ 9 ಬಂದ್ರೆ "ಸರ್, ಕೌಂಟ್ ಸರಿ ಬರ್ತಿಲ್ಲ" ಅಂತ ಹೇಳ್ಬೇಕು, ಅದೂ ಸುಸ್ತಾಗಿ ಹೊಲಿಗೆ ಹಾಕೋಕೆ ಶುರು ಮಾಡಿರೋ ಸರ್ಜನ್‌ಗೆ. ಮತ್ತೆ ಎಣಿಸ್ತಾರೆ, ಬಕೆಟ್ ಸುರೀತಾರೆ, ರೋಗಿಗೆ ಹೊದಿಸಿದ ಡ್ರೇಪ್ ಕೊಡವ್ತಾರೆ, ಸಿಗ್ಲಿಲ್ಲ ಅಂದ್ರೆ ಎಕ್ಸ್‌ರೇ. ಮಾಪ್‌ನಲ್ಲಿ ಅದಕ್ಕಂತಲೇ ಎಕ್ಸ್‌ರೇಯಲ್ಲಿ ಕಾಣೋ ಒಂದು ದಾರ ಇರತ್ತೆ. ಇಷ್ಟೆಲ್ಲ ಮಾಡೋರು 12 ಗಂಟೆ ನೈಟ್ ಡ್ಯೂಟಿಯ ಒಂಬತ್ತನೇ ಗಂಟೆಯಲ್ಲಿ ನಿಂತಿರಬಹುದು, ರಿಲೀವರ್ ಬರ್ಲಿಲ್ಲ ಅಂದ್ರೆ ಬೆಳಗಿನ ಮೊದಲ ಕೇಸೂ ಅವರದ್ದೇ.

ಗೊತ್ತಿಲ್ದೆ ಇದ್ದ ವಿಷಯ ಏನಲ್ಲ ಇದು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಸರ್ಜರಿ ರೋಗಿಗಳನ್ನ ನೋಡಿದ 2002ರ ಅಧ್ಯಯನದ ಪ್ರಕಾರ ಒಬ್ಬ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿ ಆದ್ರೆ 30 ದಿನದೊಳಗಿನ ಸಾವಿನ ಸಂಭವ 7% ಏರತ್ತೆ, ನರ್ಸ್ ಬಸವಳಿದು ಹೋಗೋ ಸಂಭವ 23% ಏರತ್ತೆ. ಕ್ಯಾಲಿಫೋರ್ನಿಯಾ 2004ರಿಂದ ಕಾನೂನಲ್ಲೇ ಒಬ್ಬ ನರ್ಸ್‌ಗೆ ಇಷ್ಟೇ ರೋಗಿ ಅನ್ನೋ ಅನುಪಾತ ಜಾರಿ ಮಾಡ್ತು. ಟೆನೆರೀಫ್ ಆದ ವರ್ಷವೇ, 1977ರಲ್ಲಿ, ನರ್ಸ್‌ಗಳ ಕೆಲಸದ ಗಂಟೆ, ವಾರದ ರಜೆ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದವೂ ಬಂತು, ಭಾರತ ಅದಕ್ಕೆ ಸೇರಿಲ್ಲ. ನಮ್ಮಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ 2016ರಲ್ಲಿ ಸಮಿತಿ ಆದಾಗ ಸುದ್ದಿ ಆಗಿದ್ದು ಸಂಬಳ: ಚಿಕ್ಕ ಆಸ್ಪತ್ರೆಯಲ್ಲೂ ಕನಿಷ್ಠ 20,000 ಅಂತ ಶಿಫಾರಸು. ಅದು ಬೇಕಾಗಿದ್ದೇ, ಆದ್ರೆ ಪೈಲಟ್ ಥರ ರಾತ್ರಿ ಲೆಕ್ಕ ಇಡೋ ನಿಯಮ ಓಟಿಗೆ ಇವತ್ತಿಗೂ ಇಲ್ಲ. ದಿನಕ್ಕಿಷ್ಟು ಗಂಟೆ ಅನ್ನೋ ಸಾಮಾನ್ಯ ಕಾರ್ಮಿಕ ಕಾನೂನು ಇದೆ, ರಿಜಿಸ್ಟರ್‌ನಲ್ಲಿ ಅದು ಸರಿಯಾಗೇ ಕಾಣತ್ತೆ.

ಡಿಸೆಂಬರ್ 5ರಂದು ಡಿಜಿಸಿಎ ಎರಡು ಕೆಲಸ ಮಾಡ್ತು. ಇಂಡಿಗೋಗೆ ರಾತ್ರಿ ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ ವಿನಾಯ್ತಿ ಕೊಡ್ತು. ಇನ್ನೊಂದು ಅಷ್ಟು ಸುದ್ದಿ ಆಗ್ಲಿಲ್ಲ: ಪೈಲಟ್ ಹಾಕಿದ ರಜೆಯನ್ನ ವಾರದ ರೆಸ್ಟ್ ಲೆಕ್ಕಕ್ಕೆ ಹಿಡೀಬಾರದು ಅನ್ನೋ ಸೂಚನೆಯನ್ನ ಎಲ್ಲ ಏರ್‌ಲೈನ್‌ಗಳಿಗೂ ವಾಪಸ್ ತಗೊಳ್ತು. ತಂಗಿ ಮದುವೆಗೆ ಎರಡು ದಿನ ರಜೆ ಕೇಳಿದ್ರೆ "ನಿನ್ನ ವೀಕ್ಲಿ ಆಫ್ ಅಡ್ಜಸ್ಟ್ ಮಾಡ್ಕೋ" ಅಂತ ಕೇಳಿಸ್ಕೊಂಡಿರೋ ಯಾವ ಸ್ಟಾಫ್ ನರ್ಸ್‌ಗೂ ಇದನ್ನ ಬಿಡಿಸಿ ಹೇಳೋದು ಬೇಡ.