ತಣ್ಹಾ ಎಂದರೆ ಬರೀ ಆಸೆಯಲ್ಲ

ಹೋದ ತಿಂಗಳು ಸಾವಿನ ಮನೆಯೊಂದಕ್ಕೆ ಹೋಗಿದ್ದೆ. 22 ವರ್ಷದ ಮಗನನ್ನು ಕಳೆದುಕೊಂಡ ತಾಯಿ ಗೋಡೆಗೆ ಒರಗಿ ಕೂತಿದ್ದರು. ನೆಂಟರೊಬ್ಬರು ಸಮಾಧಾನ ಹೇಳಲು ಬಂದರು. "ಜಾಸ್ತಿ ಹಚ್ಚಿಕೊಂಡ್ರೆ ಹೀಗೇ ಅಕ್ಕ. ಆಸೆಯೇ ದುಃಖಕ್ಕೆ ಮೂಲ ಅಂತ ಬುದ್ಧನೇ ಹೇಳಿಲ್ವಾ?" ಆ ತಾಯಿ ತಲೆ ಎತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು.

ಸಾವಿನ ಮನೆ ಅಂತ ಅಲ್ಲಿ ಬಾಯಿ ಬಿಡಲಿಲ್ಲ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಬೆಂಗಳೂರಿನಲ್ಲಿ 18 ವರ್ಷದಿಂದ ಭಾನುವಾರ ಭಾನುವಾರ ಪಾಲಿ ಪಾಠ ಹೇಳುತ್ತಿದ್ದೇನೆ. ಬುದ್ಧನ ಉಪದೇಶಗಳು ಉಳಿದುಬಂದಿರುವ ಹಳೆಯ ಭಾಷೆ ಅದು. ಅರಮನೆ, ಮುದುಕ, ರೋಗಿ, ಶವ, ನಡುರಾತ್ರಿಯ ಕುದುರೆ, ಬೋಧಿವೃಕ್ಷ ಎಲ್ಲರಿಗೂ ಬಾಯಿಪಾಠ. ಅದನ್ನು ನಾನು ಹೇಳಬೇಕಿಲ್ಲ. ಆದರೆ ಬುದ್ಧ ಹೇಳಿದ್ದೇನು ಅಂತ ಕೇಳಿದರೆ ಹೆಚ್ಚಿನವರಿಂದ ಬರುವುದು ಒಂದೇ ವಾಕ್ಯ, ಆ ನೆಂಟರು ಹೇಳಿದ ವಾಕ್ಯ. ಶಾಲೆಯಲ್ಲಿ ಕಲಿತದ್ದು, ಗೋಡೆಯ ಮೇಲೆ ಓದಿದ್ದು.

ಮೂಲದಲ್ಲಿ ಏನಿದೆ ನೋಡಿ. ಬೋಧಗಯೆಯಲ್ಲಿ ಜ್ಞಾನ ಪಡೆದ ಮೇಲೆ ಬುದ್ಧ ವಾರಾಣಸಿಯ ಹತ್ತಿರದ ಇಸಿಪತನಕ್ಕೆ, ಅಂದರೆ ಇವತ್ತಿನ ಸಾರನಾಥಕ್ಕೆ ಬಂದ. ಹಿಂದೆ ತನ್ನ ಜೊತೆ ತಪಸ್ಸು ಮಾಡಿದ್ದ ಐವರಿಗೆ ಮೊದಲ ಉಪದೇಶ ಕೊಟ್ಟ. ದುಃಖವಿದೆ, ಅದಕ್ಕೆ ಕಾರಣವಿದೆ, ಅದು ನಿಲ್ಲುತ್ತದೆ, ನಿಲ್ಲಿಸುವ ದಾರಿಯಿದೆ. ಈ ನಾಲ್ಕು ಸತ್ಯಗಳಲ್ಲಿ ಎರಡನೆಯದನ್ನು ಹೇಳುವಾಗ ಬಳಸಿದ ಪದ 'ತಣ್ಹಾ'. ಸಂಸ್ಕೃತದಲ್ಲಿ ತೃಷ್ಣಾ. ಪದದ ಅರ್ಥ ಬಾಯಾರಿಕೆ, ದಾಹ. ನಮ್ಮ 'ಆಸೆ'ಗೆ ಹತ್ತಿರದ ಪದ ಪಾಲಿಯಲ್ಲಿ ಬೇರೆಯೇ ಇದೆ, 'ಆಸಾ'. ಅದು ಈ ಜಾಗದಲ್ಲಿಲ್ಲ.

ತಣ್ಹಾ ಹೇಗಿರುತ್ತದೆ ಅಂತ ಅದೇ ಉಪದೇಶದಲ್ಲಿ ಒಂದು ವಿವರಣೆಯಿದೆ: 'ತತ್ರತತ್ರಾಭಿನಂದಿನೀ'. ಅಲ್ಲೊಮ್ಮೆ ಇಲ್ಲೊಮ್ಮೆ ಹಿಗ್ಗುತ್ತಾ ಹೋಗುವಂಥದ್ದು. ಪಾಠದಲ್ಲಿ ಈ ಪದ ಬಂದಾಗ ರಾತ್ರಿ ಫೋನ್ ಹಿಡಿದು ಮಲಗುವುದನ್ನು ನೆನಪು ಮಾಡಿಕೊಳ್ಳಿ ಎನ್ನುತ್ತೇನೆ. ಹೆಬ್ಬೆರಳು ಮೇಲೆ ತಳ್ಳುತ್ತಲೇ ಇರುತ್ತದೆ. ಒಂದು ರೀಲ್ಸ್, ಇನ್ನೊಂದು, ಮತ್ತೊಂದು. ಹನ್ನೆರಡೂವರೆ ಆದರೂ ಸಾಕು ಅನ್ನಿಸುವುದಿಲ್ಲ. ನೋಡಿದ್ದರಲ್ಲಿ ಒಂದೂ ನೆನಪಿರುವುದಿಲ್ಲ. ಕುಡಿದಷ್ಟೂ ಇಂಗದ ಈ ದಾಹವನ್ನು ಬುದ್ಧ ದುಃಖಕ್ಕೆ ಕಾರಣ ಎಂದ. ಮಗನ ಮೇಲಿನ ತಾಯಿಯ ಪ್ರೀತಿಯನ್ನು ಇದರ ಸಾಲಿಗೆ ತಂದು ನಿಲ್ಲಿಸಿ ಆಕೆಯನ್ನು ಗದರುವುದು ಯಾವ ನ್ಯಾಯ?

ಬೇಕು ಅನ್ನುವುದೇ ತಪ್ಪಲ್ಲ ಎನ್ನುವುದಕ್ಕೆ ಪಾಲಿ ಗ್ರಂಥಗಳಲ್ಲಿ ಇನ್ನೊಂದು ಪದ ಸಿಗುತ್ತದೆ: 'ಛಂದ'. ಮಾಡಬೇಕೆಂಬ ಮನಸ್ಸು, ಇಚ್ಛೆ. ನಾಲ್ಕನೆಯ ಸತ್ಯ ಹೇಳುವ ದಾರಿಯಾದ ಅಷ್ಟಾಂಗ ಮಾರ್ಗದಲ್ಲಿ ಬರುವ ಸರಿಯಾದ ಪ್ರಯತ್ನವನ್ನು ವಿವರಿಸುವಾಗ, ಸಾಧಕ ಒಳ್ಳೆಯದನ್ನು ಬೆಳೆಸಲು 'ಛಂದವನ್ನು ಹುಟ್ಟಿಸಿಕೊಳ್ಳುತ್ತಾನೆ' ಎಂದೇ ಇದೆ. ಮನಸ್ಸೇ ಇಲ್ಲದವನು ಬೆಳಗ್ಗೆ ಎದ್ದು ಧ್ಯಾನಕ್ಕೆ ಹೇಗೆ ಕೂರುತ್ತಾನೆ? ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಛಂದ ಅಂದ ತಕ್ಷಣ ಎಲ್ಲಾ ಕಡೆ ಒಳ್ಳೆಯದು ಅಂತಲ್ಲ. ಧ್ಯಾನಕ್ಕೆ ಅಡ್ಡ ಬರುವ ಐದು ನೀವರಣಗಳಲ್ಲಿ ಮೊದಲನೆಯದೇ 'ಕಾಮಚ್ಛಂದ', ಭೋಗದ ಬಯಕೆ. ಸಂದರ್ಭ ನೋಡಿ ಅರ್ಥ ಮಾಡಬೇಕು. ನಾನು ಓದಿಕೊಂಡದ್ದು ಪಾಲಿ, ಪಾಲಿ ಗ್ರಂಥಗಳನ್ನು ಅನುಸರಿಸುವ ಥೇರವಾದ ಬೌದ್ಧ ಪರಂಪರೆ. ಬೈಲಕುಪ್ಪೆಯ ಟಿಬೆಟನ್ ಲಾಮಾಗಳು ಇದನ್ನೇ ಬೇರೆ ಗ್ರಂಥಗಳ ಮೂಲಕ, ಬೇರೆ ಒತ್ತು ಕೊಟ್ಟು ಹೇಳಬಹುದು.

ಇನ್ನು 'ಆಸಾ' ಎಂಬ ಪದದ ಬಗ್ಗೆಯೇ ಬುದ್ಧನ ಮಾತು ಬೇಕೆನ್ನುವವರು ಪಾಲಿ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಭೂಮಿಜ ಸುತ್ತ ಓದಬೇಕು. ಸುತ್ತ ಅಂದರೆ ಸೂತ್ರ, ಒಂದು ಉಪದೇಶ. ನನಗೆ ಬಹಳ ಇಷ್ಟದ ಸುತ್ತ. ಹಾಲು ಬೇಕಾದವನು ಹಸುವಿನ ಕೊಂಬು ಹಿಂಡಿದರೆ, ಆಸೆ ಇಟ್ಟುಕೊಂಡು ಹಿಂಡಿದರೂ ಹಾಲು ಬರುವುದಿಲ್ಲ, ಆಸೆ ಇಲ್ಲದೆ ಹಿಂಡಿದರೂ ಬರುವುದಿಲ್ಲ. ಕೆಚ್ಚಲಿಗೆ ಕೈ ಹಾಕಿದರೆ ಆಸೆ ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಬುದ್ಧ ಅಲ್ಲಿ ಕೇಳುತ್ತಿರುವುದು ನಿನಗೆ ಆಸೆ ಇದೆಯಾ ಅಂತಲ್ಲ, ಕೈ ಎಲ್ಲಿಟ್ಟಿದ್ದೀಯಾ ಅಂತ.

ನನಗೆ ಸಂಕಟವಾಗುವುದು ಈ ವಾಕ್ಯ ಯಾರ ಮೇಲೆ ಬೀಳುತ್ತದೆ ಎನ್ನುವುದನ್ನು ನೋಡಿದಾಗ. ಒಬ್ಬ ವಿದ್ಯಾರ್ಥಿನಿ ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ್ದಕ್ಕೆ ಅವಳ ಯಜಮಾನರು ಇದನ್ನೇ ಹೇಳಿದರಂತೆ. ಅವರ ಮೇಜಿನ ಮೇಲೆ ಬುದ್ಧನ ವಿಗ್ರಹವೂ ಇದೆಯಂತೆ. ಅವಳಿಗೆ ಸಿಗಾಲೋವಾದ ಸುತ್ತ ಓದಿಸಿದೆ. ಗೃಹಸ್ಥರಿಗೆ ಹೇಳಿದ ಉಪದೇಶ ಅದು. ಯಜಮಾನನಾದವನು ಶಕ್ತಿಗೆ ತಕ್ಕ ಕೆಲಸ ಕೊಡಬೇಕು, ಊಟ ಮತ್ತು ಸಂಬಳ ಕೊಡಬೇಕು, ಕಾಯಿಲೆ ಬಿದ್ದರೆ ನೋಡಿಕೊಳ್ಳಬೇಕು, ವಿಶೇಷ ತಿಂಡಿ ಮಾಡಿದಾಗ ಹಂಚಿಕೊಳ್ಳಬೇಕು, ಕಾಲಕಾಲಕ್ಕೆ ರಜೆ ಕೊಡಬೇಕು. ರಜೆಯ ಸಾಲು ಬಂದಾಗ ಹುಡುಗಿ ಎರಡು ಸಲ ಓದಿದಳು.

ಕೋಲಿಯ ಕುಲದ ದೀಘಜಾಣು ಎಂಬ ಗೃಹಸ್ಥನೂ ಹೀಗೇ ನೇರವಾಗಿ ಬುದ್ಧನನ್ನು ಕೇಳಿದ್ದ. "ಭಂತೇ, ನಾವು ಸಂಸಾರಸ್ಥರು. ಮಕ್ಕಳಿಂದ ಕಿಕ್ಕಿರಿದ ಹಾಸಿಗೆಯಲ್ಲಿ ಮಲಗುವವರು. ಕಾಶಿಯ ಗಂಧ ಹಚ್ಚುತ್ತೇವೆ, ಹೂ ಮುಡಿಯುತ್ತೇವೆ, ಚಿನ್ನ ಬೆಳ್ಳಿ ಮುಟ್ಟುತ್ತೇವೆ. ನಮಗೆ ಏನು ಹೇಳುತ್ತೀರಿ?" ಬುದ್ಧ ಅವನಿಗೆ ಎಲ್ಲಾ ಬಿಟ್ಟು ಬಾ ಎನ್ನಲಿಲ್ಲ. ಕೆಲಸ ಚೆನ್ನಾಗಿ ಕಲಿತು ದುಡಿ, ದುಡಿದದ್ದನ್ನು ಕಾಪಾಡಿಕೋ, ಒಳ್ಳೆಯವರ ಜೊತೆ ಸೇರು, ಆದಾಯ ನೋಡಿ ಖರ್ಚು ಮಾಡು ಎಂದ. ಮಿತಿಮೀರಿ ಖರ್ಚು ಮಾಡುವವನು ಅತ್ತಿ ಹಣ್ಣು ತಿನ್ನುವವನಂತೆ ಎಂದ. ನಾಲ್ಕು ಹಣ್ಣಿಗಾಗಿ ಇಡೀ ಮರ ಅಲುಗಿಸಿ ಎಲ್ಲಾ ಉದುರಿಸಿ ಹಾಳು ಮಾಡುವವನು. ಹಣವಿದ್ದೂ ಹೊಟ್ಟೆಗೆ ತಿನ್ನದೆ ಜಿಪುಣತನ ಮಾಡುವವನಿಗೂ ಅದೇ ಸುತ್ತದಲ್ಲಿ ಬೈಗುಳವಿದೆ. ಆಮೇಲೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಇವನ್ನೂ ಹೇಳಿದ. ಭಿಕ್ಷುಗಳ ದಾರಿ ಇದಕ್ಕಿಂತ ಕಠಿಣ, ನಿಜ. ಆದರೆ ಅವರಿಗೆ ಹೇಳಿದ್ದನ್ನು ತಂದು ಮೂರು ಮಕ್ಕಳ ತಂದೆಯ ತಲೆಗೆ ಕಟ್ಟಬಾರದು.

ಈ ತಪ್ಪು ಅರ್ಥದ ಇನ್ನೊಂದು ಮುಖ ಸ್ವಲ್ಪ ಭಯ ಹುಟ್ಟಿಸುತ್ತದೆ. ತಣ್ಹಾದಲ್ಲಿ ಮೂರು ಬಗೆ. ಭೋಗದ ದಾಹ ಕಾಮತಣ್ಹಾ, ಇರಬೇಕು ಆಗಬೇಕು ಎಂಬ ದಾಹ ಭವತಣ್ಹಾ. ಮೂರನೆಯದು ವಿಭವತಣ್ಹಾ, ಇಲ್ಲವಾಗಬೇಕು ಎಂಬ ದಾಹ. ಏನೂ ಬೇಡ, ಯಾರೂ ಬೇಡ, ಈ ಬದುಕೇ ಬೇಡ ಎನ್ನುವುದೂ ಒಂದು ದಾಹವೇ ಆಗಿರಬಹುದು. ಶಾಸ್ತ್ರದಲ್ಲಿ ಇದರ ಚರ್ಚೆ ಇನ್ನೂ ಸೂಕ್ಷ್ಮವಾಗಿದೆ, ನಾನು ದಿನಬಳಕೆಗೆ ಇಳಿಸಿ ಹೇಳುತ್ತಿದ್ದೇನೆ. ಯಾರಾದರೂ ವಾರಗಟ್ಟಲೆ ಊಟ ನಿದ್ದೆ ಬಿಟ್ಟು 'ನನಗೇನೂ ಬೇಡ' ಎನ್ನುತ್ತಿದ್ದರೆ ಅದನ್ನು ವೈರಾಗ್ಯ ಅಂತ ಹೊಗಳಬೇಡಿ. ದಯವಿಟ್ಟು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಸಿದ್ಧಾರ್ಥನೂ ಬೇಡ ಬೇಡ ಎನ್ನುತ್ತಾ ಹೊಟ್ಟೆಯ ಚರ್ಮ ಬೆನ್ನುಮೂಳೆಗೆ ಅಂಟುವಷ್ಟು ಉಪವಾಸ ಮಾಡಿದವನೇ. ಆಗ ಅವನಿಗೆ ನೆನಪಾದದ್ದು ಬಾಲ್ಯ. ಅಪ್ಪ ಹೊಲದ ಕೆಲಸದಲ್ಲಿದ್ದಾಗ ನೇರಳೆ ಮರದ ತಂಪಿನಲ್ಲಿ ಕೂತು ಮನಸ್ಸು ತಾನಾಗಿ ನಿಂತ ಹೊತ್ತು. ಆ ಸುಖಕ್ಕೆ ನಾನೇಕೆ ಹೆದರಬೇಕು ಅಂತ ತನ್ನನ್ನೇ ಕೇಳಿಕೊಂಡ. ಹಸಿದ ದೇಹದಲ್ಲಿ ಅದು ಸಾಧ್ಯವಿಲ್ಲ ಅಂತ ಊಟ ಮಾಡಿದ. ಜೊತೆಗಿದ್ದ ಐವರು ಇವನು ಕೆಟ್ಟ ಅಂತ ಬಿಟ್ಟುಹೋದರು. ಮೊದಲ ಉಪದೇಶ ಕೇಳಿದ್ದು ಅದೇ ಐವರು.

ಆ ತಾಯಿಯ ಮುಂದೆ ನೆನಪಿಸಬೇಕಿದ್ದ ಕತೆ ಕಿಸಾಗೋತಮಿಯದು. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳಿ ಬಂದವಳನ್ನು ಬುದ್ಧ ಆಸೆಪಟ್ಟೆ ಅಂತ ಬೈಯಲಿಲ್ಲ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದ. ಅವಳು ಮನೆಮನೆ ತಿರುಗಿದಳು. ಒಬ್ಬೊಬ್ಬರೂ ತಮ್ಮ ಮನೆಯ ಸಾವನ್ನು ಹೇಳಿಕೊಂಡಿರಬೇಕು. ಅವತ್ತು ಊರೇ ಅವಳ ಜೊತೆ ಅತ್ತಿರಬೇಕು ಅಂತ ನನಗನ್ನಿಸುತ್ತದೆ.

ಕಳೆದ ಭಾನುವಾರ ಪಾಠ ಮುಗಿದ ಮೇಲೆ ಒಬ್ಬ ಹುಡುಗ ಉಳಿದುಕೊಂಡ. ಬ್ಯಾಂಕ್ ಪರೀಕ್ಷೆ ಕಟ್ಟಬೇಕೆಂದಿದ್ದವನು. "ಮೇಡಂ, ಕೆಲಸ ಬೇಕು ಅನ್ನೋದೂ ಆಸೆನೇ ಅಲ್ವಾ? ಬಿಟ್ಟುಬಿಡೋಣ ಅಂತಿದ್ದೀನಿ" ಎಂದ. ಉಣ್ಣಾಭ ಎಂಬ ಬ್ರಾಹ್ಮಣನ ಸುತ್ತ ತೆಗೆದೆ. ಛಂದವನ್ನು ಬಿಡಲು ಛಂದವೇ ಬೇಕು ಎಂದರೆ ಇದಕ್ಕೆ ಕೊನೆಯೆಲ್ಲಿ ಅಂತ ಅವನು ಕೋಸಂಬಿ ಪಟ್ಟಣದಲ್ಲಿ ಬುದ್ಧನ ಶಿಷ್ಯ ಆನಂದನನ್ನು ಕೇಳಿದ್ದ. ಆನಂದ ತಿರುಗಿ ಕೇಳಿದ. ಭಿಕ್ಷುಗಳಿರುವ ಈ ವಿಹಾರಕ್ಕೆ ಬರಬೇಕು ಅಂತ ನಿನಗೆ ಮನಸ್ಸಿತ್ತಲ್ಲವೇ? ಇತ್ತು. ಬಂದ ಮೇಲೆ ಆ ಮನಸ್ಸು ತಣ್ಣಗಾಯಿತಲ್ಲವೇ? ಆಯಿತು.

ಹುಡುಗ ಪುಟ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಫಾರ್ಮ್ ತುಂಬಲು ಕೊನೆಯ ದಿನ ಯಾವುದು ಅಂತ ಕೇಳಿದೆ.

"ನಾಳೆ" ಎಂದ.

ಪುಸ್ತಕ ಮುಚ್ಚಿ ಇಬ್ಬರೂ ಎದ್ದೆವು.