ಸಾಹೇಬರು ವರ್ಗವಾದ ಮೇಲೆ ಬೀಟ್ ಪುಸ್ತಕ ಯಾರದ್ದು?

ಮನೆ ಬಾಗಿಲಿಗೆ ಪೊಲೀಸರು ಬಂದರೆ ಮೊದಲು ತೆರೆಯುವುದು ಪಕ್ಕದ ಮನೆಯ ಕಿಟಕಿ. ‘ಏನಂತೆ?’ ಎಂಬ ಪ್ರಶ್ನೆ ಸಂಜೆಯೊಳಗೆ ಬೀದಿಯೆಲ್ಲ ಸುತ್ತಿ ಬಂದಿರುತ್ತದೆ. ಈ ಅಂಜಿಕೆ ಕಳೆಯಬೇಕೆಂದು 2025ರ ಜುಲೈನಲ್ಲಿ ಕರ್ನಾಟಕದಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಬೀಟ್ ಸಿಬ್ಬಂದಿ, ಅಂದರೆ ಒಂದೊಂದು ಪ್ರದೇಶದ ಗಸ್ತಿನ ಹೊಣೆ ಹೊತ್ತ ಪೊಲೀಸರು, ತಾವಾಗಿಯೇ ಮನೆಗಳಿಗೆ ಹೋಗಿ ಕಷ್ಟಸುಖ ಕೇಳಬೇಕು, ದೂರಿದ್ದರೆ ಬರೆದುಕೊಳ್ಳಬೇಕು. ಚಾಲನೆ ಕೊಟ್ಟವರು ಗೃಹ ಸಚಿವ ಜಿ. ಪರಮೇಶ್ವರ.

ಕೇಳಲು ಚೆನ್ನಾಗಿದೆ. ಆದರೆ ಇದನ್ನು ನಾವು ಬೇರೆ ಹೆಸರಿನಲ್ಲಿ ಮೊದಲೇ ಕೇಳಿದ್ದೇವೆ. 2017ರಲ್ಲಿ ರೂಪಕ್ ಕುಮಾರ್ ದತ್ತಾ ಡಿಜಿಪಿ ಆಗಿದ್ದಾಗ ಹೊಸ ಬೀಟ್ ವ್ಯವಸ್ಥೆ ಬಂತು. ಠಾಣೆಯ ಸರಹದ್ದನ್ನು ಹಂಚಿ ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಇಂತಿಷ್ಟು ಜಾಗದ ಹೊಣೆ ಕೊಡುವುದು, ಅಲ್ಲಿನ ಜನರನ್ನೇ ಸೇರಿಸಿ ಸಮಿತಿ ಮಾಡುವುದು ಅದರ ತಿರುಳು. ದತ್ತಾ ಅದೇ ವರ್ಷ ಅಕ್ಟೋಬರ್ ಕೊನೆಗೆ ನಿವೃತ್ತರಾದರು. ಆಗಿನಿಂದ 2023ರವರೆಗೆ ಗೃಹ ಖಾತೆ ರಾಮಲಿಂಗಾ ರೆಡ್ಡಿ, ಪರಮೇಶ್ವರ, ಎಂ.ಬಿ. ಪಾಟೀಲ, ಬಸವರಾಜ ಬೊಮ್ಮಾಯಿ, ಆರಗ ಜ್ಞಾನೇಂದ್ರ ಇಷ್ಟು ಜನರ ಕೈ ದಾಟಿ ಮತ್ತೆ ಪರಮೇಶ್ವರ ಅವರ ಕೈಗೆ ಬಂತು. ಇದರ ನಡುವೆ ಬೀಟ್ ರದ್ದಾಯಿತೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಚುನಾವಣೆ, ಗಣೇಶೋತ್ಸವ, ಗಣ್ಯರ ಭೇಟಿ ಎಂದು ಬೀಟ್ ಕಾನ್‌ಸ್ಟೆಬಲ್ ಬಂದೋಬಸ್ತಿಗೆ ಹೊರಟರೆ ಸಾಕು, ಅಂದಿನ ಜನಸಂಪರ್ಕ ಅಲ್ಲಿಗೆ ಮುಗಿಯಿತು.

ಪೊಲೀಸ್ ಅಧಿಕಾರಿಗಳು ಒಂದು ಕಡೆ ಕನಿಷ್ಠ ಎರಡು ವರ್ಷವಾದರೂ ಇರಲಿ ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರ ಸೆಪ್ಟೆಂಬರ್‌ನಲ್ಲಿ. ಡಿಜಿಪಿಗೂ ಎರಡು ವರ್ಷ, ಎಸ್‌ಪಿಗೂ ಎರಡು ವರ್ಷ, ಠಾಣಾಧಿಕಾರಿಗೂ ಎರಡು ವರ್ಷ. ಸರ್ಕಾರ ಬದಲಾದ ವಾರದಲ್ಲಿ ಹೊರಬೀಳುವ ವರ್ಗಾವಣೆ ಪಟ್ಟಿಗಳನ್ನು ನೋಡಿದವರಿಗೆ ಆ ತೀರ್ಪಿನ ಗತಿ ಬಿಡಿಸಿ ಹೇಳಬೇಕಿಲ್ಲ.

ಸಾಹೇಬರ ಜೊತೆಗೇ ಯೋಜನೆಯೂ ಹೊರಟು ಹೋಗುವುದಕ್ಕೆ ಭಿವಂಡಿಗಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ. ಮುಂಬೈ ಪಕ್ಕದ ಈ ಮಗ್ಗದ ಊರು 1984ರಲ್ಲಿ ಕೋಮು ಗಲಭೆಯಲ್ಲಿ ಬೆಂದಿತ್ತು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿ ಕಟ್ಟಿದರು. ಶಾಂತಿ ಸಭೆಯ ಮುಂದಿನ ಕುರ್ಚಿ ಹಿಡಿಯುವ ಪುಢಾರಿಗಳನ್ನು ಬಿಟ್ಟು ಎರಡೂ ಸಮುದಾಯದ ಸಾಮಾನ್ಯರನ್ನು ಕೂರಿಸಿದರು. ಮಗ್ಗದವರು, ಅಂಗಡಿಯವರು, ಹೆಂಗಸರು. ಬಾಬ್ರಿ ಮಸೀದಿ ಉರುಳಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಖೋಪಡೆ ಇಲ್ಲದ ಅದೇ ಊರಲ್ಲಿ 2006ರ ಜುಲೈನಲ್ಲಿ ಸ್ಮಶಾನದ ಪಕ್ಕ ಪೊಲೀಸ್ ಠಾಣೆ ಕಟ್ಟುವ ವಿಚಾರಕ್ಕೆ ಹಿಂಸಾಚಾರವಾಯಿತು. ಗೋಲಿಬಾರ್‌ನಲ್ಲಿ ಜನ ಸತ್ತರು, ಇಬ್ಬರು ಕಾನ್‌ಸ್ಟೆಬಲ್‌ಗಳು ಗುಂಪಿನ ಕೈಗೆ ಸಿಕ್ಕಿ ಸತ್ತರು. ಜಗಳ ನಡೆದಿದ್ದು ಠಾಣೆಯ ಕಟ್ಟಡಕ್ಕೇ ಎಂಬುದನ್ನು ಗಮನಿಸಿ.

ಹಾಗಾದರೆ ಯೋಜನೆ ಬಾಳಿದರೆ ಸಾಕೇ? ತಮಿಳುನಾಡಿನ ಕಥೆ ಕೇಳಿದರೆ ಅಷ್ಟು ಸಲೀಸಾಗಿ ಹೂಂ ಅನ್ನಲಾಗದು. ಪ್ರತೀಪ್ ಫಿಲಿಪ್ ಎಂಬ ಅಧಿಕಾರಿ 1991ರಲ್ಲಿ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯ ಸ್ಫೋಟದಲ್ಲಿ ಗಾಯಗೊಂಡು ಬದುಕುಳಿದವರು. ರಾಮನಾಥಪುರದ ಎಸ್‌ಪಿಯಾಗಿದ್ದಾಗ, 1993ರಲ್ಲಿ, ‘ಫ್ರೆಂಡ್ಸ್ ಆಫ್ ಪೊಲೀಸ್’ ಶುರು ಮಾಡಿದರು. ನಾಗರಿಕರೇ ಸ್ವಯಂಸೇವಕರಾಗಿ ಠಾಣೆಗೆ ನೆರವಾಗುವ ಪದ್ಧತಿ ಇಡೀ ರಾಜ್ಯಕ್ಕೆ ಹಬ್ಬಿತು. ಜಯಲಲಿತಾ ಬಂದರು, ಕರುಣಾನಿಧಿ ಬಂದರು, ಮತ್ತೆ ಜಯಲಲಿತಾ. ಒಬ್ಬರ ಫ್ಲೈಓವರ್ ಕಂಡರೆ ಇನ್ನೊಬ್ಬರಿಗಾಗದ ಆ ರಾಜಕೀಯದಲ್ಲೂ ಇದು 27 ವರ್ಷ ಬಾಳಿತು. 2020ರ ಜೂನ್‌ನಲ್ಲಿ ಸಾತಾನ್‌ಕುಳಂ ಠಾಣೆಯಲ್ಲಿ ಲಾಕ್‌ಡೌನ್ ನೆಪದಲ್ಲಿ ಹಿಡಿದ ಅಪ್ಪ–ಮಗ ಇಬ್ಬರೂ ಪೊಲೀಸರ ಹೊಡೆತದಿಂದ ಸತ್ತ ಆರೋಪ ಬಂತು. ಠಾಣೆಯಲ್ಲಿ ಸ್ವಯಂಸೇವಕರ ಕೈಯೂ ಇತ್ತೆಂಬ ಮಾತು ಎದ್ದಿತು. ಸಂಘಟನೆ ಅಲ್ಲಗಳೆಯಿತು. ಸಿಬಿಐ ಆರೋಪಪಟ್ಟಿಯಲ್ಲಿ ಇದ್ದವರು ಪೊಲೀಸರೇ. ಆದರೆ ಅಷ್ಟರಲ್ಲಾಗಲೇ, ಜುಲೈನಲ್ಲಿ, ಸರ್ಕಾರ ಫ್ರೆಂಡ್ಸ್ ಆಫ್ ಪೊಲೀಸ್ ಅನ್ನು ನಿಷೇಧಿಸಿ ಆಗಿತ್ತು. ಸಮವಸ್ತ್ರವಿಲ್ಲ, ಸೇವಾ ನಿಯಮವಿಲ್ಲ, ಆದರೂ ಠಾಣೆಯೊಳಗೆ ಓಡಾಡುವ ಸಲುಗೆಯಿದೆ. ಇಂಥವರು ತಪ್ಪು ಮಾಡಿದರೆ ಯಾರಿಗೆ ಉತ್ತರ ಕೊಡಬೇಕು ಎಂಬುದು 27 ವರ್ಷವೂ ತೀರ್ಮಾನವಾಗದೆ ಉಳಿದದ್ದರ ಬೆಲೆ ಅದು.

ಕೇರಳ ಹೆಚ್ಚು ಜಾಣತನದ ದಾರಿ ಹಿಡಿಯಿತು. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಆಯೋಗದ ಶಿಫಾರಸಿನ ಬೆನ್ನಿಗೆ, ಕೊಡಿಯೇರಿ ಬಾಲಕೃಷ್ಣನ್ ಗೃಹ ಸಚಿವರಾಗಿದ್ದಾಗ, 2008ರ ಮಾರ್ಚ್‌ನಲ್ಲಿ 20 ಠಾಣೆಗಳಲ್ಲಿ ‘ಜನಮೈತ್ರಿ ಸುರಕ್ಷಾ’ ಆರಂಭವಾಯಿತು. ಬೀಟ್ ಅಧಿಕಾರಿಗೆ ತನ್ನ ಪಾಲಿನ ಪ್ರತಿ ಮನೆಯಲ್ಲಿ ಒಬ್ಬರಾದರೂ ಪರಿಚಿತರಿರಬೇಕು. ಕ್ರಿಮಿನಲ್ ಪ್ರಕರಣ ಇರುವವರು ಸಮಿತಿಗೆ ಬೇಡ. 2011ರ ಪೊಲೀಸ್ ಕಾಯ್ದೆಯಲ್ಲಿ ಜನಸಂಪರ್ಕ ಸಮಿತಿಯನ್ನೂ ಸೇರಿಸಿದರು. ಕಾಯ್ದೆ ಜಾರಿಗೆ ಬಂದ ಕೆಲವೇ ವಾರಗಳಲ್ಲಿ ಎಡರಂಗ ಸೋತಿತು. ಕಾಂಗ್ರೆಸ್ ಮುಂದಾಳತ್ವದ ಐಕ್ಯರಂಗ ಬಂದು ಯೋಜನೆಯನ್ನು ನಿಲ್ಲಿಸಲಿಲ್ಲ, ಇನ್ನಷ್ಟು ಠಾಣೆಗಳಿಗೆ ಹಬ್ಬಿಸಿತು. ಕಾನೂನಿನಲ್ಲಿ ಕೂತದ್ದನ್ನು ಒಂದು ಸುತ್ತೋಲೆಯಲ್ಲಿ ಎಬ್ಬಿಸಲಾಗುವುದಿಲ್ಲ. ಆದರೂ 2018ರ ಏಪ್ರಿಲ್‌ನಲ್ಲಿ ವರಾಪುಳದ ಯುವಕನೊಬ್ಬನನ್ನು ಮಫ್ತಿ ಪೊಲೀಸರು ರಾತ್ರಿ ಮನೆಯಿಂದಲೇ ಎಳೆದೊಯ್ದರು. ಮೂರು ದಿನಕ್ಕೆ ಅವನು ಸತ್ತ. ಜನಮೈತ್ರಿಯ ರಾಜ್ಯವೇ ಅದು.

ಬಾಗಿಲು ತಟ್ಟುವ ವಿಷಯ ಬಂದಾಗ ಖರಕ್ ಸಿಂಗ್ ನೆನಪಾಗಬೇಕು. ಡಕಾಯಿತಿ ಪ್ರಕರಣದಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಈ ಉತ್ತರ ಪ್ರದೇಶದ ಮನುಷ್ಯನ ಮನೆಗೆ ಪೊಲೀಸರು ನಡುರಾತ್ರಿ ಬಂದು ಎಬ್ಬಿಸಿ ‘ಇದ್ದಾನೋ ಇಲ್ಲವೋ’ ನೋಡಿ ಹೋಗುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ಅಸಿಂಧು ಮಾಡಿತು, ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿತು. ಆ ಮಾತನ್ನು ಕೋರ್ಟು ತಿದ್ದಿಕೊಂಡದ್ದು 2017ರ ಆಗಸ್ಟ್‌ನಲ್ಲಿ. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮಲ್ಲಿ ಹೊಸ ಬೀಟ್ ಶುರುವಾದದ್ದೂ ಅದೇ ವರ್ಷ.

ಹಗಲು ಹೊತ್ತು, ನಗುಮುಖದಿಂದ ಬಂದು ‘ನಿಮ್ಮನೇಲಿ ಎಷ್ಟು ಜನ ಅಮ್ಮಾ?’ ಎಂದು ಕೇಳುವವರು ಖರಕ್ ಸಿಂಗ್ ಮನೆಗೆ ಹೋದವರಂತಲ್ಲ, ನಿಜ. ಒಂಟಿ ವೃದ್ಧರ ಮನೆ ಯಾವುದು, ಬಾಡಿಗೆಗೆ ಯಾರಿದ್ದಾರೆ, ಮಗ ಯಾವ ಊರಲ್ಲಿದ್ದಾನೆ ಎಂದು ಬರೆದುಕೊಳ್ಳುವುದರಲ್ಲಿ ಕೆಡುಕಿಲ್ಲ. ಆದರೆ ಕೇಳಿದವರು ನಾಳೆ ವರ್ಗವಾಗುತ್ತಾರೆ, ಕೇಳಿಸಿದ ಸಚಿವರೂ ಬದಲಾಗುತ್ತಾರೆ, ಬೀಟ್ ಪುಸ್ತಕದಲ್ಲಿ ಬರೆದದ್ದು ಮಾತ್ರ ಠಾಣೆಯಲ್ಲೇ ಉಳಿಯುತ್ತದೆ. ಇಂದಿನವರು ವೃದ್ಧರ ರಕ್ಷಣೆಗೆಂದು ಬರೆಸಿದ ಪಟ್ಟಿಯಲ್ಲಿ ನಾಳಿನವರು ಬಾಡಿಗೆದಾರರ ಧರ್ಮ ಹುಡುಕಬಹುದು, ಪ್ರತಿಭಟನೆಗೆ ಹೋದವರ ವಿಳಾಸ ಹುಡುಕಬಹುದು. ಬಂದೋಬಸ್ತಿನ ಭರಾಟೆಯಲ್ಲಿ ಸಮಿತಿ ಸಭೆ ತಪ್ಪಬಹುದು, ಪುಸ್ತಕ ಕಳೆಯುವುದಿಲ್ಲ.

ಈ ಪುಸ್ತಕ ಎಷ್ಟು ವರ್ಷ ಇರಬೇಕು, ಯಾರು ನೋಡಬಹುದು, ತಪ್ಪಿದ್ದರೆ ನಾವು ತಿದ್ದಿಸಬಹುದೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಉತ್ತರ ಹುಡುಕಲು ಹೋದರೆ, ಅಪರಾಧ ತಡೆ ಮತ್ತು ಪತ್ತೆಗೆ ಬಳಸುವ ಮಾಹಿತಿಗೆ ಅದರ ಹಲವು ನಿಯಮಗಳಿಂದ ವಿನಾಯಿತಿ ಇದೆ. ಬೀಟ್ ಕಾನ್‌ಸ್ಟೆಬಲ್ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಬರೆದುಕೊಂಡದ್ದು ಅಪರಾಧ ತಡೆಯ ಲೆಕ್ಕಕ್ಕೆ ಬರುತ್ತದೋ, ಕಷ್ಟಸುಖದ ಲೆಕ್ಕಕ್ಕೋ ಎಂದು ಅವರನ್ನೇ ಕೇಳಿದರೆ, ಪಾಪ, ಅವರು ತಾನೆ ಏನು ಹೇಳಿಯಾರು? ಇನ್ನೂ ಹತ್ತು ಮನೆ ಬಾಕಿ ಇರುತ್ತದೆ.