ಅರಿಶಿನದಲ್ಲಿ 5 ಪಿಪಿಎಂ ಸೀಸ: ಅಮ್ಮನಿಗೆ ಎಷ್ಟು, ಮಗಳಿಗೆ ಎಷ್ಟು?

ಪ್ರಶ್ನೆ: ಮನೆಯ ಅರಿಶಿನ ಪುಡಿಯನ್ನು ಲ್ಯಾಬ್‌ಗೆ ಕೊಟ್ಟಿದ್ದೆ. ಸೀಸ 5 ಪಿಪಿಎಂ ಅಂತ ಬಂದಿದೆ. ಮಿತಿ 10, ಹಾಗಾಗಿ ಪರವಾಗಿಲ್ಲ ಅಂದರು. ಮೂರು ವರ್ಷದ ಮಗಳಿಗೂ ಅದನ್ನೇ ಹಾಕಬಹುದಾ?

ಉತ್ತರ: ಆ 10 ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅರಿಶಿನಕ್ಕೆ ಹಾಕಿರುವ ಮಿತಿ. ಪುಡಿಯನ್ನು ಮಾರಬಹುದೋ ಇಲ್ಲವೋ ಅಂತ ನೋಡಲು ಅದು ಸಾಕು. ಮಗಳ ಹೊಟ್ಟೆಗೆ ಎಷ್ಟು ಹೋಗುತ್ತದೆ ಅಂತ ತಿಳಿಯಲು ಅವಳು ಎಷ್ಟು ತಿನ್ನುತ್ತಾಳೆ ಅಂತಲೂ ಗೊತ್ತಿರಬೇಕು.

1 ಪಿಪಿಎಂ ಅಂದರೆ ಒಂದು ಗ್ರಾಮಿಗೆ 1 ಮೈಕ್ರೋಗ್ರಾಂ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. 100 ಗ್ರಾಂ ನಾಲ್ಕು ಜನಕ್ಕೆ 25 ದಿನ ಬಂತು ಅನ್ನಿ. ದಿನಕ್ಕೆ 4 ಗ್ರಾಂ ಆಯಿತು, ತಲೆಗೆ ಒಂದು. (ಹೊಸ್ತಿಲಿಗೆ ಹಚ್ಚಿದ್ದನ್ನು ಕಳೆಯಿರಿ. ಮಗು ಅದನ್ನೂ ನೆಕ್ಕುತ್ತಿದ್ದರೆ ಕಳೆಯಬೇಡಿ!) ಚಿಕ್ಕವಳು ಅರ್ಧ ಗ್ರಾಂ ತಿಂದರೆ 2.5 ಮೈಕ್ರೋಗ್ರಾಂ ಸೀಸ. ನೀವು 1.2 ಗ್ರಾಂ ತಿಂದರೆ 6.

ನಿಮಗೇ ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ದೊಡ್ಡವರ ಕರುಳು ತಿಂದ ಸೀಸದಲ್ಲಿ ಸುಮಾರು 10ರಲ್ಲಿ ಒಂದು ಪಾಲನ್ನಷ್ಟೇ ಹೀರುತ್ತದೆ. ಚಿಕ್ಕ ಮಕ್ಕಳದ್ದು ಅರ್ಧದವರೆಗೂ ಹೀರಬಲ್ಲದು, ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಸುಲಭವಾಗಿ. ಹಾಗೆ ನೋಡಿದರೆ ನಿಮ್ಮ ಮೈಗೆ 0.6, ಅವಳಿಗೆ 1.25. ನೀವು 55 ಕೆಜಿ, ಅವಳು 13 ಕೆಜಿ ಇದ್ದರೆ, ಕೆಜಿ ಲೆಕ್ಕದಲ್ಲಿ ಅವಳ ಪಾಲು ನಿಮ್ಮದರ ಒಂಬತ್ತು ಪಟ್ಟು.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಇಟ್ಟುಕೊಂಡ ಅಳತೆಗೋಲು ಇದು: ಇಡೀ ದಿನದ ಊಟದಿಂದ ಮಕ್ಕಳಿಗೆ 2.2 ಮೈಕ್ರೋಗ್ರಾಂ, ಹೆರುವ ವಯಸ್ಸಿನ ಹೆಂಗಸರಿಗೆ 8.8. ಅರಿಶಿನವೊಂದೇ ಮಗಳನ್ನು ಆ ಗೆರೆ ದಾಟಿಸಿಬಿಟ್ಟಿತು. ಹಾಗಂತ ಗೆರೆಯ ಕೆಳಗಿದ್ದರೆ ನಿಶ್ಚಿಂತೆ ಅಂತ ಅಲ್ಲ. ವಾರಕ್ಕೆ ಕೆಜಿ ತೂಕಕ್ಕೆ 25 ಮೈಕ್ರೋಗ್ರಾಂ ತಡೆದುಕೊಳ್ಳಬಹುದು ಅನ್ನುತ್ತಿದ್ದ ಅಂತರರಾಷ್ಟ್ರೀಯ ತಜ್ಞರ ಸಮಿತಿ 2010ರಲ್ಲಿ ಆ ಮಾತನ್ನೇ ವಾಪಸ್ ತೆಗೆದುಕೊಂಡಿತು.

ಇನ್ನು ಅನ್ನ. ಅಕ್ಕಿಯಲ್ಲಿ ಬರೀ 0.02 ಪಿಪಿಎಂ ಇದೆ ಅಂತಿಟ್ಟುಕೊಳ್ಳಿ. 100 ಗ್ರಾಂ ಅಕ್ಕಿ ಅಂದರೆ 2 ಮೈಕ್ರೋಗ್ರಾಂ, ಹೆಚ್ಚೂಕಡಿಮೆ ಅರಿಶಿನದಷ್ಟೇ. ಇಲ್ಲೇ ಲ್ಯಾಬ್ ರಿಪೋರ್ಟ್ ಮೋಸ ಮಾಡೋದು. ಅವರ ಯಂತ್ರಕ್ಕೆ 0.1ಕ್ಕಿಂತ ಕಡಿಮೆ ಕಾಣದಿದ್ದರೆ ‘ಪತ್ತೆಯಾಗಿಲ್ಲ’ ಅಂತ ಬರೆಯುತ್ತಾರೆ. ಆ ‘ಪತ್ತೆಯಾಗಿಲ್ಲ’ದೊಳಗೆ 100 ಗ್ರಾಂ ಅಕ್ಕಿಯಲ್ಲಿ ಹತ್ತಿರ ಹತ್ತಿರ 10 ಮೈಕ್ರೋಗ್ರಾಂ ಅಡಗಿರಬಹುದು. ಅದಕ್ಕೇ ಲೆಕ್ಕ ಹಾಕುವವರು ಒಮ್ಮೆ ಸೊನ್ನೆ ಅಂತ, ಇನ್ನೊಮ್ಮೆ ಪೂರ್ತಿ 0.1 ಅಂತ ಹಿಡಿದು ಎರಡೂ ಉತ್ತರ ಕೊಡುತ್ತಾರೆ. ‘ಯಂತ್ರಕ್ಕೆ ಎಷ್ಟರವರೆಗೆ ಕಾಣುತ್ತದೆ’ ಅಂತ ಕೇಳಿಯೇ ದುಡ್ಡು ಕಟ್ಟಿ.

ಆ ಅರಿಶಿನ ಪುಡಿಯನ್ನು ನಾನಾಗಿದ್ದರೆ ಮಗುವಿಗೆ ಹಾಕುತ್ತಿರಲಿಲ್ಲ. ಕೊಂಬು ತಂದು ಪುಡಿ ಮಾಡಿಸಿದರೆ ಸಾಕಾ? ಬಾಂಗ್ಲಾದೇಶದಲ್ಲಿ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಅನ್ನೋ ಹಳದಿ ಬಣ್ಣದ ಪುಡಿ ಉಜ್ಜುತ್ತಿದ್ದದ್ದು ಕೊಂಬಿಗೇ. ಮುಟ್ಟಿದರೆ ಕೈಗೆ ಢಾಳಾದ ಹಳದಿ ಪುಡಿ ಅಂಟುವ ಕೊಂಬನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈವರೆಗೆ ತಿಂದದ್ದರ ಬಗ್ಗೆ ಅನುಮಾನವಿದ್ದರೆ ಮಕ್ಕಳ ಡಾಕ್ಟರ ಹತ್ತಿರ ರಕ್ತದ ಸೀಸದ ಪರೀಕ್ಷೆ ಕೇಳಿ. ಒಂದು ಡೆಸಿಲೀಟರ್ (100 ಮಿಲಿ) ರಕ್ತಕ್ಕೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಗುವಾಗ ಆ ತಾರೀಕು ಬರೆದ ಪ್ಯಾಕೆಟ್ಟನ್ನೂ ಹಿಡಿದುಕೊಂಡು ಹೋಗಿ.